ಬೆಟ್ಟದ ಮೇಲೆ ಜಾಕೆಟ್ ಬಿಚ್ಚಿಸಿದವರು

ನಮ್ರತಾಳಿಗೆ ಸಿಟ್ಟು ಬಂದರೆ ಬಾಯಿಗೆ ಧಾರವಾಡದ ಮಾತು ಬರುತ್ತದೆ. ಉಳಿದಂತೆ ಅಮೆರಿಕದ ಸ್ಟರ್ಲಿಂಗ್‌ನ ಡೇಟಾ ಸೆಂಟರ್‌ನಲ್ಲಿ ದಿನವಿಡೀ ಇಂಗ್ಲಿಷೇ.

2020ರಲ್ಲಿ ಎಲ್ಲರೂ ಬಾಗಿಲು ಹಾಕಿಕೊಂಡಾಗ ಅವಳು ನಡೆಯತೊಡಗಿದಳು. ಮೊದಲು ಮನೆ ಹತ್ತಿರದ ಹಳೇ ರೈಲುಹಾದಿ, ಆಮೇಲೆ ಶೆನಂಡೋವಾ ಬೆಟ್ಟಗಳು, ಆಮೇಲೆ ವರ್ಷಕ್ಕೊಮ್ಮೆ ಉತ್ತರಕ್ಕೆ, ನ್ಯೂ ಹ್ಯಾಂಪ್‌ಶೈರ್‌ನ ವೈಟ್ ಮೌಂಟನ್ಸ್‌ಗೆ. ಅಲ್ಲಿ ಮೇಲೇರಿದಂತೆ ಮರಗಳು ಮೊಣಕಾಲೆತ್ತರಕ್ಕೆ ಕುಗ್ಗಿ, ಮುಂದೆ ಬರೀ ಬಂಡೆ, ಗಾಳಿ. ಬೆವರು ಕುಡಿದ ಹತ್ತಿ ಬಟ್ಟೆ ಮೈಯ ಬಿಸಿ ಕದಿಯುತ್ತದೆಂದು ಅವಳು ನಡುಗಿಯೇ ಕಲಿತವಳು. ಗುಂಪಿನಲ್ಲಿ ಯಾವಾಗಲೂ ಕೊನೆಗೆ ನಡೆಯುತ್ತಾಳೆ. ಅವಳ ಹಿಂದೆ ಯಾರೂ ಉಳಿಯಕೂಡದು.

2023ರ ಅಕ್ಟೋಬರ್ ಕೊನೆಯಲ್ಲಿ, ಅದೇ ಬೆಟ್ಟಗಳಲ್ಲಿ, ಅವಳ ಮುಂದೆ ನಡೆಯುತ್ತಿದ್ದವರು ಮಹಾಂತಪ್ಪ. ವಯಸ್ಸು ಅರವತ್ತೈದು ದಾಟಿದೆ, ಬೆಟ್ಟವೆಂದರೆ ಪ್ರಾಣ. ಎಲ್ಲರಿಗೂ ಅಂಕಲ್, ಅವಳಿಗೆ ಮಾತ್ರ ಕಾಕಾ. ಈ ಕನ್ನಡ ಗುಂಪಿನ ಮುಖಂಡ, ಪಕ್ಕದ ಊರು ರೆಸ್ಟನ್‌ನ ಶಶಿಕಾಂತ್‌ಗೆ ರಾಜ್ಯೋತ್ಸವದ ಫೋಟೋ ಬೆಟ್ಟದ ತುದಿಯಲ್ಲೇ ಆಗಬೇಕಿತ್ತು. ಎಲ್ಲರಿಗೂ ಹಳದಿ ಟೀ-ಶರ್ಟ್ ಹೊಲಿಸಿದ್ದ, ಅಪ್ಪಟ ಹತ್ತಿಯದು. ಬೇಡವೆಂದು ಅವಳು ಗ್ರೂಪ್‌ನಲ್ಲಿ ಬರೆದದ್ದಕ್ಕೆ ನಗುವ ಮುಖಗಳು ಬಂದಿದ್ದವು. ಮಹಾಂತಪ್ಪ ಅದನ್ನು ಬೆಳಗ್ಗೆಯೇ ಒಳಗೆ ತೊಟ್ಟಿದ್ದರು.

"ಎಲ್ಲಾರೂ ಹಾಕ್ಕೊಂಡಾರ. ನಾ ಒಬ್ಬ ಬಿಟ್ರ ಛಂದ ಅನಸ್ತದೇನವಾ?"

ಮರಗಳು ಮುಗಿದಲ್ಲಿ ಶಶಿಕಾಂತ್ ಬಾವುಟ ಬಿಚ್ಚಿದ. "ಜಾಕೆಟ್ ತೆಗೀರಿ, ಟೀ-ಶರ್ಟ್ ಕಾಣ್ಲಿ. ಇಲ್ಲೊಂದು ಟ್ರಯಲ್ ತಗೊಳ್ಳೋಣ."

ನಮ್ರತಾ ತೆಗೆಯಲಿಲ್ಲ. ಕಾಕಾ ತೆಗೆದರು. ಗಾಳಿಗೆ ಬಾವುಟ ಸುತ್ತಿಕೊಂಡಿತು. ಇನ್ನೊಂದು ಫೋಟೋ. ಗುಂಪಿನ ಅಪೂರ್ವಾ ಕಣ್ಣು ಮುಚ್ಚಿದ್ದಳಂತೆ, ಮತ್ತೊಂದು. ಜಾಕೆಟ್ ಹಾಕಿಕೊಳ್ಳುವಾಗ ಕಾಕಾನ ಬೆರಳಿಗೆ ಜಿಪ್ ಸಿಗಲಿಲ್ಲ. ಅವರು ಈಗ ನಡುಗುತ್ತಿರಲೂ ಇಲ್ಲ.

"ಚಳಿ ಹೋತವಾ," ಎಂದರು, ನಾಲಗೆ ತೊದಲುತ್ತಿತ್ತು. "ಈಗ ಆರಾಮ ಅದ."

ಚಳಿಯಲ್ಲಿ ನಡುಕ ನಿಂತರೆ ಮೈ ಬಿಸಿ ಹುಟ್ಟಿಸುವುದನ್ನೇ ಬಿಟ್ಟಿದೆ, ಜೀವಕ್ಕೆ ಅಪಾಯವೆಂದು ಅವಳಿಗೆ ಗೊತ್ತಿತ್ತು. ಎಲ್ಲರ ಎದುರೇ ಆ ಬೆವರಿನ ಒದ್ದೆ ಟೀ-ಶರ್ಟ್ ಎಳೆದು ಬಿಸಾಡಿ, ತನ್ನ ಚೀಲದ ಉಣ್ಣೆಯಂಗಿ ತೊಡಿಸಿ, ಜಾಕೆಟ್ ಹಾಕಿದಳು.

"ಟಾಪ್ ಇನ್ನೇನು ಇಲ್ಲೇ ಇದೆ ಮೇಡಂ," ಎಂದ ಶಶಿಕಾಂತ್. "ಅಂಕಲ್ ಬಂಡೆ ಮರೆಗೆ ಕೂತಿರ್ಲಿ. ಬರ್ತಾ ಪಿಕಪ್ ಮಾಡೋಣ."

"ಕುಂತಲ್ಲೇ ಸತ್ರ? ಹೆಣಾ ಹೊರಾಕ ನಿನ್ನ ಬಾವುಟದ ಕೋಲು ಸಾಕಾಗ್ತದೇನು?"

"ಅಯ್ಯೋ, ಓವರ್ ಮಾಡ್ಬೇಡಿ. ಅಂಕಲ್ಲೇ ಆರಾಮ್ ಅಂತಿದ್ದಾರಲ್ವಾ!"

"ಅವ್ರು ನಿನ್ನ ಮಾತು ಮೀರಬಾರ್ದಂತ ಜಾಕೆಟ್ ತಗದ್ರು. ದೊಡ್ಡವ್ರಿಗೆ ನೀವು ತಗೀಬ್ಯಾಡ್ರಿ ಅನ್ನೂ ಬುದ್ಧಿ ನಿನಗ ಇರಬೇಕಿತ್ತು. ಅಪೂರ್ವಾ, ಆ ಕಡೆ ತೋಳು ಹಿಡಿ!"

ಅಪೂರ್ವಾ ಹಿಡಿದಳು. ಉಳಿದವರು ಬಾವುಟದ ಹಿಂದೆ ಮೇಲೆ ಹೋದರು.

ಮರಗಳ ನಡುವೆ ಇಳಿದು ಗಾಳಿ ತಪ್ಪಿದ ಮೇಲೆ ನಮ್ರತಾ ಅವರನ್ನು ಕೂರಿಸಿ, ಥರ್ಮಾಸ್‌ನ ಸಕ್ಕರೆ ಚಹಾ ಗುಟುಕು ಗುಟುಕಾಗಿ ಕುಡಿಸಿದಳು. ಬಹಳ ಹೊತ್ತಿನ ಮೇಲೆ ಕಾಕಾ ಗಡಗಡ ನಡುಗತೊಡಗಿದರು. ಅಪೂರ್ವಾ ಹೆದರಿದಳು. ನಮ್ರತಾ ಆಗಷ್ಟೇ ಉಸಿರು ಬಿಟ್ಟಳು.

ಹಲ್ಲು ಕಟಕಟಿಸುತ್ತಲೇ ಮಹಾಂತಪ್ಪ ಅಂದರು: "ಪಾಪ, ನನ್ನಿಂದ ಅವ್ರ ಫೋಟೋಕ ಮೂರು ಮಂದಿ ಕಡಿಮಿ ಆತು."

ಅವಳಿಗೆ ಕಾಕಾನ ಮೇಲೂ ಸಿಟ್ಟು ಬಂತು. "ಬಾಯಿ ಮುಚ್ಚಿ ಚಾ ಕುಡೀರಿ," ಎಂದಳು.