ಹನ್ನೆರಡನೆಯ ವೀಳ್ಯ

ನಾನು ಈ ಊರಿಗೆ ಬಂದ ಮೂರನೆಯ ದಿನ ಲೋಕಪ್ರಸಿದ್ಧ ಪ್ರೊಫೆಸರೊಬ್ಬರು ನನ್ನ ಕಾಲ ಬಳಿ ಮಂಡಿಯೂರಿ ಕೂತರು. ಗಾಬರಿಯಾಗಬೇಡಿ, ನನ್ನ ಸೈಕಲ್ಲಿನ ಚೈನು ಕಳಚಿತ್ತು. ಕೈಯೆಲ್ಲ ಗ್ರೀಸು ಮಾಡಿಕೊಂಡು ಅದನ್ನು ಹಾಕಿಕೊಟ್ಟು, "ನನ್ನನ್ನು ಸರ್ ಅನ್ನಬೇಡ, ಯಾನ್ ಅನ್ನು. ಇಲ್ಲಿ ನಾವೆಲ್ಲ ಸಮಾನರು" ಎಂದರು. ಮೈಸೂರಿನಲ್ಲಿ ಐದು ವರ್ಷ ನನ್ನ ಪಿಎಚ್‌ಡಿ ಗೈಡ್ ಮುಂದೆ ಕುರ್ಚಿಯ ಅಂಚಿನಲ್ಲೂ ಕೂರದವಳು ನಾನು. ಯಾನ್ ಎನ್ನಲು ನಾಲ್ಕು ತಿಂಗಳು ಬೇಕಾಯಿತು. ಅಲ್ಲಿಯವರೆಗೆ ಕೆಮ್ಮಿ ಕರೆಯುತ್ತಿದ್ದೆ.

ಇದು ನೆದರ್ಲೆಂಡ್ಸ್. ಗದ್ದೆ ಮಣ್ಣಿನ ಸೂಕ್ಷ್ಮಜೀವಿಗಳ ಮೇಲೆ ಸಂಶೋಧನೆ ಮಾಡಲು ಎರಡು ವರ್ಷದ ಕೆಲಸ ಸಿಕ್ಕಿ ಬಂದೆ. ನನ್ನ ಕೋಣೆ ಮೂರನೆಯ ಮಹಡಿಯಲ್ಲಿದೆ. ಮೆಟ್ಟಿಲು ನಮ್ಮ ಮನೆಯ ಅಟ್ಟದ ಏಣಿಗಿಂತ ಕಡಿದು. ಮಧ್ಯಾಹ್ನದ ಊಟಕ್ಕೆ ಇವರು ಎರಡು ಬ್ರೆಡ್ಡಿನ ನಡುವೆ ಒಂದು ಹಾಳೆ ಚೀಸಿಟ್ಟು, ಅದನ್ನು ಊಟ ಎಂದೇ ಕರೆಯುತ್ತಾರೆ. ನಾನು ರಾಗಿಹಿಟ್ಟು ಹುಡುಕಿಕೊಂಡು ರೈಲಿನಲ್ಲಿ ಒಂದೂವರೆ ಗಂಟೆ ಹೋದದ್ದುಂಟು. ಯಾರ ಮನೆಗೂ ಸುಮ್ಮನೆ ಹೋಗುವ ಹಾಗಿಲ್ಲ, 'ಅಫ್‌ಸ್ಪ್ರಾಕ್' ಬೇಕು. ಎಂದರೆ ಮೊದಲೇ ಗೊತ್ತುಮಾಡಿಕೊಂಡ ಭೇಟಿ. ಒಂದು ಭಾನುವಾರ ಒಂಟಿತನ ತಡೆಯಲಾರದೆ ಪಕ್ಕದ ಮನೆಯ ಬಾಗಿಲು ತಟ್ಟಿದೆ. ಆಯಮ್ಮ ಡೈರಿ ತೆಗೆದು ಮೂರು ವಾರ ಆಚೆಯ ಗುರುವಾರ ಕೊಟ್ಟರು. ನಮ್ಮೂರು ಹೆಮ್ಮರಗಾಲದಲ್ಲಿ ನಮ್ಮ ಮನೆಗೆ ಬರುವವರು ಬಾಗಿಲನ್ನೂ ತಟ್ಟುವುದಿಲ್ಲ, ಸೀದಾ ಅಡುಗೆಮನೆಗೆ ಬಂದು ಸಾರಿನ ಮುಚ್ಚಳ ತೆಗೆದು ನೋಡುತ್ತಾರೆ.

ಇನ್ನು ನಮ್ಮ ವಿಶ್ವವಿದ್ಯಾಲಯದ ವಿಷಯ. ಸಂಶೋಧನೆಯಲ್ಲಿ ಹೆಸರು ಮಾಡಿದ ಹನ್ನೆರಡು ವಿಶ್ವವಿದ್ಯಾಲಯಗಳು ಸೇರಿ ಒಂದು ಒಕ್ಕೂಟ ಕಟ್ಟಿಕೊಂಡಿವೆ. ಒಬ್ಬರ ಪ್ರಯೋಗಾಲಯ ಇನ್ನೊಬ್ಬರು ಬಳಸಬಹುದು, ನನ್ನಂಥವರ ಕೆಲಸವನ್ನೂ ಒಕ್ಕೂಟವೇ ಮುಂದುವರಿಸಬೇಕು. ಒಕ್ಕೂಟದೊಳಗೆ ಎಲ್ಲರೂ ಸಮಾನರು. ಆದರೆ ವರ್ಷವರ್ಷ ಹೊರಗಿನವರು ಯಾರೋ ರ‍್ಯಾಂಕಿಂಗ್ ಪಟ್ಟಿ ಹೊರಡಿಸುತ್ತಾರೆ. ಆ ದಿನ ಈ ಸಮಾನರಲ್ಲಿ ಒಬ್ಬರಿಗೂ ಕಾಫಿ ಇಳಿಯುವುದಿಲ್ಲ. ಪಟ್ಟಿಯೂ ಒಂದಲ್ಲ. ಒಂದರಲ್ಲಿ ನಾವು ಹನ್ನೆರಡರಲ್ಲಿ ಮೂರನೆಯವರು, ಇನ್ನೊಂದರಲ್ಲಿ ಆರನೆಯವರು. ಬಾಗಿಲಲ್ಲಿ ಕಟ್ಟು ಹಾಕಿಸಿ ತೂಗುಹಾಕಿರುವುದು ಯಾವುದೆಂದು ನಿಮಗೇ ಗೊತ್ತು.

ಇದನ್ನೆಲ್ಲ ಫೋನಿನಲ್ಲಿ ಅಪ್ಪನಿಗೆ ವಿವರಿಸಿದರೆ ಅವನು ಒಂದೇ ಮಾತು ಕೇಳಿದ.

"ಅದೆಲ್ಲ ಇರ್ಲಿ ಕಣವ್ವ. ನಿಮ್ದು ಎಷ್ಟ್ನೇ ವೀಳ್ಯ?"

ಅಪ್ಪ ಕೇಳುವುದರಲ್ಲಿ ಅರ್ಥವಿದೆ. ನಮ್ಮ ಕಡೆ ನಂಜನಗೂಡು ತಾಲ್ಲೂಕಿನ ಕೆಲವು ಊರು, ತಿ. ನರಸೀಪುರ ತಾಲ್ಲೂಕಿನ ಕೆಲವು ಊರು ಸೇರಿ ನಮ್ಮ ಜನದ ಒಂದು ಗಡಿ. ಮದುವೆಯಾಗಲಿ ತಿಥಿಯಾಗಲಿ, ಊರೂರಿನ ಯಜಮಾನರನ್ನು ಒಬ್ಬೊಬ್ಬರಾಗಿ ಕೂಗಿ ಎರಡು ಎಲೆ, ಒಂದು ಅಡಿಕೆಯ ವೀಳ್ಯ ಕೊಡಬೇಕು. ಯಾವ ಊರಾದ ಮೇಲೆ ಯಾವ ಊರು ಎಂಬುದಕ್ಕೆ ಕ್ರಮವಿದೆ. ಅದನ್ನು ಇಲ್ಲಿ ಬರೆದರೆ ಹೆಡತಲೆಯವರೋ ತಗಡೂರಿನವರೋ ನನ್ನನ್ನು ಬಸ್ಸಿನಿಂದ ಇಳಿಯಲು ಬಿಡುವುದಿಲ್ಲ, ಅದಕ್ಕೇ ಬರೆಯುತ್ತಿಲ್ಲ. ಕೂಗುವ ಕೆಲಸ ನಮ್ಮಪ್ಪನದು. ಎಂಥ ಜಗಳಗಂಟ ಊರೂ ಒಪ್ಪುವ ಕಟ್ಟಳೆ ಒಂದೇ: ಕಾರ್ಯ ಯಾರ ಊರಿನಲ್ಲೋ ಆ ಊರಿಗೆ ಕೊನೆಯ ವೀಳ್ಯ. ಮೊದಲನೆಯ ಊರಾದರೂ ಸರಿ, ತನ್ನ ಮನೆಯಲ್ಲಿ ಅದು ಕೊನೆ. ನಮ್ಮ ಮನೆಯಲ್ಲೇ ಕಾರ್ಯವಾದರೆ ಆ ಕೊನೆಯ ವೀಳ್ಯವನ್ನು ಅಪ್ಪ ಮುರಿದು ಮನೆಮಂದಿಗೆಲ್ಲ ಹಂಚುತ್ತಿದ್ದ. ಚಿಕ್ಕಂದಿನಲ್ಲಿ ನನ್ನ ಪಾಲಿಗೆ ಉಗುರಿನಷ್ಟು ಎಲೆ ಬರುತ್ತಿತ್ತು.

ಕಳೆದ ವರ್ಷ ಒಕ್ಕೂಟದ ಸಭೆ ನಡೆಸುವ ಸರದಿ ನಮ್ಮದಾಯಿತು. ನನ್ನ ಕೆಲಸ ಇನ್ನೊಂದು ವರ್ಷ ಮುಂದುವರಿಯುವುದೋ, ಗಂಟುಮೂಟೆ ಕಟ್ಟುವುದೋ ಅದೇ ಸಭೆಯಲ್ಲಿ ತೀರ್ಮಾನ. ಆಫೀಸು ನೋಡಿಕೊಳ್ಳುವ ಮರೀಕೆ ನನ್ನನ್ನು ಕರೆದು, "ಅತಿಥಿಗಳನ್ನು ಒಬ್ಬೊಬ್ಬರಾಗಿ ವೇದಿಕೆಗೆ ಕರೆದು ಹೂ ಕೊಡಬೇಕು. ಪಟ್ಟಿ ಮಾಡಿ ಅಚ್ಚಿಗೆ ಕಳಿಸಿಬಿಡು. ಕ್ರಮ ಹೇಗಿದ್ದರೂ ಆದೀತು, ನಾವೆಲ್ಲ ಸಮಾನರು" ಎಂದಳು.

ನಾನು ಮನಸ್ಸಿನಲ್ಲೇ ನಕ್ಕೆ. 'ನಾವೆಲ್ಲ ಒಂದೇ' ಎನ್ನುತ್ತಲೇ ಪಂಚೆ ಎತ್ತಿ ಕಟ್ಟಿದ ಎಷ್ಟು ಯಜಮಾನರನ್ನು ನೋಡಿದ್ದೇನೆ! ಯಾರಿಗೂ ನೋವಾಗಬಾರದೆಂದು ಬಾಗಿಲಲ್ಲಿ ತೂಗಿದ್ದ ರ‍್ಯಾಂಕಿಂಗ್ ಪ್ರಕಾರವೇ ಹೆಸರು ಬರೆದು, ಮುಂದೆ ಅಂಕಿ ಹಾಕಿ, ಮನೆಯವರಾದ್ದರಿಂದ ನಮ್ಮ ವಿಶ್ವವಿದ್ಯಾಲಯವನ್ನು ಮರ್ಯಾದೆಯಾಗಿ ಹನ್ನೆರಡಕ್ಕಿಟ್ಟೆ. ಅಪ್ಪ ನೋಡಿದ್ದರೆ ಬೆನ್ನು ತಟ್ಟುತ್ತಿದ್ದ.

ಸಭೆಯ ದಿನ ಬೆಳಿಗ್ಗೆ ಒಬ್ಬ ವರದಿಗಾರ ಆ ಹಾಳೆಯ ಫೋಟೊ ತೆಗೆದ. ಹೂ ಕೊಟ್ಟು ಮುಗಿಯುವುದರೊಳಗೆ ಅವನ ಪತ್ರಿಕೆಯ ಜಾಲತಾಣದಲ್ಲಿ ಸುದ್ದಿ ಬಂತು: ನಮ್ಮೂರ ವಿಶ್ವವಿದ್ಯಾಲಯ ಮೂರರಿಂದ ಹನ್ನೆರಡಕ್ಕೆ ಕುಸಿದಿದೆ, ಒಕ್ಕೂಟವೇ ಹಾಗೆ ಹೇಳಿದೆ! ರೆಕ್ಟರರ, ಎಂದರೆ ಇಲ್ಲಿನ ಕುಲಪತಿಗಳ, ಮುಖ ಬೀಟ್‌ರೂಟಾಯಿತು.

"ಯಾರು ಮಾಡಿದ್ದು ಇದನ್ನು? ನಾವು ಮೂರನೆಯವರು! ಮೂರನೆಯವರು!"

"ನಾವೆಲ್ಲ ಸಮಾನರು ಅಂತ..." ಎಂದೆ. ಅಯ್ಯೋ, ಬಾಯಿ ಮುಚ್ಚಿಕೊಂಡಿರಬಾರದಿತ್ತೆ? ಯಾನ್ ಸೀಲಿಂಗು ನೋಡಿದರು. ಮಧ್ಯಾಹ್ನ ಸಭೆಗೆ ಬಂದು ವಿವರಣೆ ಕೊಡು ಎಂದರು ರೆಕ್ಟರು. ನನ್ನ ಕೆಲಸದ ತೀರ್ಮಾನವೂ ಆಗಲೇ.

ಶೌಚಾಲಯದಲ್ಲಿ ಕೂತು ಅಪ್ಪನಿಗೆ ಫೋನು ಮಾಡಿ ಅತ್ತೆ.

"ಏನ್ ತಪ್ ಮಾಡಿದ್ದೀಯ ಅಂತ ಅಳ್ತೀಯ ಮಗಾ? ಮನೆಯೋರೇ ಮುಂದ್ಕೋಗಿ ನಿಂತ್ಕಂಡ್ರೆ ಬಂದೋರ್ ಏನನ್ಕತಾರೆ? ಓಗು, ಅಂಗೇ ಏಳು. ಗಟ್ಟಿಯಾಗ್ ಏಳು."

ಹೋದೆ, ಹಾಗೇ ಹೇಳಿದೆ. ಗಡಿ, ಕೂಗು, ಎರಡು ಎಲೆ ಒಂದು ಅಡಿಕೆ, ಮನೆಯವರಿಗೆ ಕೊನೆ. ಹನ್ನೆರಡು ಜನ ಪಿಳಿಪಿಳಿ ನೋಡಿದರು. ಆಗ ಹೆಲ್ಲಾ ಎಂಬ ನರೆಗೂದಲ ಹೆಂಗಸು ಎದ್ದರು. ಅವರದು ಎಲ್ಲ ಪಟ್ಟಿಯಲ್ಲೂ ಹನ್ನೆರಡನೆಯದಾಗಿ ಬರುವ ವಿಶ್ವವಿದ್ಯಾಲಯ.

"ಇಷ್ಟು ವರ್ಷದಲ್ಲಿ ಹೂ ಉಳಿದಿದೆಯೋ ಇಲ್ಲವೋ ಎಂಬ ಚಿಂತೆ ಇಲ್ಲದೆ ನಾನು ವೇದಿಕೆ ಹತ್ತಿದ್ದು ಇವತ್ತೇ" ಎಂದರು. "ಇನ್ನು ಮುಂದೆ ಸಭೆ ನಡೆಸುವವರೇ ಕೊನೆ ಎಂದು ಬರೆದುಕೊಳ್ಳಿ. ಈ ಹುಡುಗಿಯ ಕೆಲಸ ಮುಂದುವರಿಸಲು ನಾನು ಕೈ ಎತ್ತುತ್ತೇನೆ."

ಮೊದಲ ರ‍್ಯಾಂಕಿನವರು ಕೂಡಲೇ ಕೈ ಎತ್ತಿದರು. ಅವರದು ಹೇಗೂ ಮೊದಲೇ ಇತ್ತಲ್ಲ! ರೆಕ್ಟರರ ಕೈ ಹನ್ನೆರಡನೆಯದಾಗಿ ಮೇಲೆ ಬಂತು. ಪತ್ರಿಕೆಗೆ ತಿದ್ದುಪಡಿ ಹೋಯಿತು. ಎಲ್ಲರೂ ಹೊರಟ ಮೇಲೆ ಮರೀಕೆ ನನ್ನ ಮೇಲೆ ಒಂದು ಒದ್ದೆ ಬಟ್ಟೆ ಎಸೆದು, "ನಿಂತು ಏನು ನೋಡ್ತೀಯ? ನಾವು ಮನೆಯವರು ತಾನೇ, ಬಾ ಲೋಟ ತೊಳಿ" ಎಂದಳು. ಯಾನ್ ಲೋಟ ಒರೆಸಿದರು. ಆವತ್ತು ಇಲ್ಲಿ ಮೊದಲ ಬಾರಿ ನಾನು ಯಾವ ಅಫ್‌ಸ್ಪ್ರಾಕೂ ಇಲ್ಲದೆ ನಾಲ್ಕು ಜನರ ನಡುವೆ ಹರಟಿದೆ. ಇವರು ಅದಕ್ಕೆ 'ಖೆಜ಼ೆಲ್ಲಿಖ್' ಎನ್ನುತ್ತಾರೆ. ಬೆಚ್ಚಗೆ ಜೊತೆಗಿರುವ ಸುಖ ಎಂದರ್ಥ.

ಮುಂದಿನ ಬೇಸಿಗೆಯಲ್ಲಿ ತಮ್ಮನ ಮದುವೆಗೆ ಊರಿಗೆ ಹೋದೆ. ಚಪ್ಪರದಲ್ಲಿ ಗಡಿಯ ಊರುಗಳೆಲ್ಲ ಸೇರಿದ್ದವು. ಅಪ್ಪ ಹೊಸ ಟವೆಲು ಹೆಗಲಿಗೆ ಹಾಕಿ, ಗಂಟಲು ಸರಿಮಾಡಿಕೊಂಡು ಕೂಗಿದ.

"ಮೊದಲ್ನೇ ವೀಳ್ಯ... ಪರದೇಸದ ಯೂನಿವರ್ಸಿಟಿಯೋರು, ನಮ್ ಮಾದೇವಿಯವ್ರು!"

ಜನ ಚಪ್ಪಾಳೆ ಹೊಡೆದರು. ನಮ್ಮ ಗಡಿಯಲ್ಲಿ ಹೆಣ್ಣೊಬ್ಬಳ ಹೆಸರು ಕೂಗಿದ್ದೇ ಅದು ಮೊದಲು. ಯಜಮಾನರೆಲ್ಲ ಒಪ್ಪಿ ತಲೆಯಾಡಿಸಿದರು. ಹೆಮ್ಮೆಯಿಂದ ಎದೆ ಉಬ್ಬಿ ಹೋಗಿ ಈಸಿಕೊಂಡೆ. ಆಮೇಲೆ ಊರೂರಿನ ವೀಳ್ಯ ಮುಗಿದು ಕೊನೆಯದು, ನಮ್ಮ ಮನೆಯದು, ಬಂತು. ಅಪ್ಪ ಎಲೆ ಮುರಿದು ಅಮ್ಮನಿಗೆ, ತಮ್ಮನಿಗೆ, ನಿನ್ನೆ ಮೊನ್ನೆ ಗೊತ್ತಾದ ಹೊಸ ಸೊಸೆಗೆ ಕೊಟ್ಟ. ನಾನೂ ಕೈ ಚಾಚಿದೆ.

"ನಿಂಗ್ ಆಗ್ಲೇ ಕೊಟ್ಟಾಯ್ತಲ್ಲ ಮಗಾ" ಎಂದ ಅಪ್ಪ. "ಒಬ್ರಿಗೆ ಒಂದೇ ಸಲ."

ತಪ್ಪು ಅವನದಲ್ಲ. ಬಂದವರಿಗೆ ಮೊದಲು, ಮನೆಯವರಿಗೆ ಕೊನೆ ಎಂಬುದು ಕಟ್ಟಳೆ, ಅದನ್ನು ಹನ್ನೆರಡು ವಿಶ್ವವಿದ್ಯಾಲಯಗಳಿಗೆ ಪಾಠ ಹೇಳಿ ಬಂದವಳೇ ನಾನು. ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡೆ. ಎರಡು ಎಲೆ ಹಿಡಿದುಕೊಂಡು ಹಿತ್ತಲಿಗೆ ಹೋಗಿ, ಹಂಡೆ ತೊಳೆಯುತ್ತಿದ್ದ ಹೆಂಗಸರ ಪಕ್ಕ ನಿಂತೆ. ಯಾರಾದರೂ ಗದರಿಸಿ ಒಂದು ಬಿಂದಿಗೆ ನೀರು ತಾ ಎನ್ನಲಿ ಎಂದು ಕಾದೆ. ಚಿಕ್ಕಮ್ಮ ನನ್ನನ್ನು ನೋಡಿ ಕೈ ಒರೆಸಿಕೊಂಡು ಒಳಗೆ ಓಡಿದಳು. ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಂದು, ಸೆರಗಿನಿಂದ ಒರೆಸಿ ನನ್ನ ಮುಂದಿಟ್ಟಳು.

"ಕೂತ್ಕಳಿ" ಎಂದಳು. "ದೂರದಿಂದ ಬಂದಿದ್ದೀರ."