ಇಪ್ಪತ್ತೆರಡು ತೂತುಗಳು

ಜಂಕ್ಷನ್ನಿನ ಕೆಳಗಿನ ರೈಲು ಸುರಂಗದಲ್ಲಿ ಒಂದೊಂದೇ ಕಲ್ಲನ್ನು ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟು ಕೇಳುವುದು ಅವಳ ಕೆಲಸ. ಗಟ್ಟಿಯಾಗಿ ಕೂತ ಕಲ್ಲು ಟಣ್ ಎನ್ನುತ್ತದೆ, ಸಡಿಲಾದದ್ದು ದಬ್ ಎನ್ನುತ್ತದೆ. ಹಾಗಾಗಿ ಸ್ಟೇಷನ್ನಿನವರೆಲ್ಲ ಅವಳನ್ನು ಟಣ್ಣಕ್ಕ ಎಂದೇ ಕರೆಯುತ್ತಿದ್ದರು. ಮೊದಮೊದಲು ರೇಗಿದಳು. ಆಮೇಲೆ ಅದಕ್ಕೇ ಓಗೊಡತೊಡಗಿದಳು.

ಸುರಂಗ ಅವಳ ಮುತ್ತಜ್ಜನ ಕಾಲದ್ದು. ಆಗ ಮೇಲಿನ ನಾಲ್ಕು ರಸ್ತೆಗಳಲ್ಲಿ ಕುದುರೆಗಾಡಿ ಓಡುತ್ತಿದ್ದವು, ಈಗ ಲಾರಿಗಳು. ಕೆಳಗಿನ ಕಲ್ಲಿನ ಕಮಾನು ಮಾತ್ರ ಅದೇ. ಮುತ್ತಜ್ಜ ಅಲ್ಲಿ ಕಲ್ಲು ಹೊತ್ತ, ಅಜ್ಜ ಗಾರೆ ಮೆತ್ತಿದ, ಅಪ್ಪ ಮೇಸ್ತ್ರಿಯಾದ. ಮೂವತ್ತು ವರ್ಷದ ಹಿಂದೆ ದೊಡ್ಡ ಸಾಹೇಬರೊಬ್ಬರು ಸುರಂಗ ನೋಡಲು ಬರುವವರಿದ್ದರು. ಗೋಡೆಯ ಬುಡದಲ್ಲಿ ಇಪ್ಪತ್ತೆರಡು ತೂತುಗಳು ಸದಾ ತೊಟ್ಟಿಕ್ಕುತ್ತಿದ್ದವು. ಸಾಹೇಬರ ಕಣ್ಣಿಗೆ ಒದ್ದೆ ನೆಲ ಬೀಳಬಾರದೆಂದು ಅಪ್ಪ ಒಂದೇ ದಿನದಲ್ಲಿ ಅಷ್ಟನ್ನೂ ಸಿಮೆಂಟಿನಿಂದ ಮುಚ್ಚಿ, ಒಂದೊಂದರ ಮೇಲೂ ಜಂಬದಿಂದ ತನ್ನ ಹೆಬ್ಬೆಟ್ಟು ಒತ್ತಿದ. ಸಾಹೇಬರು ಬೆನ್ನು ತಟ್ಟಿದ ಫೋಟೋ ಇಂದಿಗೂ ಮನೆಯ ನಡುಗೋಡೆಯ ಮೇಲಿದೆ.

ಈ ವರ್ಷ ಕಲ್ಲುಗಳು ದಬ್ ಎನ್ನತೊಡಗಿದವು. ಒಂದು ಕಡೆಯ ಗೋಡೆ ಹೊಟ್ಟೆ ಮುಂದೆ ಬಿಟ್ಟಿತು. ರೈಲು ನಿಂತವು. ಹೊಸ ಇಂಜಿನಿಯರು ಕಮಾನನ್ನೇ ಕೆಡವಿ ಕಾಂಕ್ರೀಟು ಹಾಕಿಸಲು ಹೊರಟರು.

"ವಯಸ್ಸಾಯ್ತಮ್ಮ ಇದಕ್ಕೆ."

"ವಯಸ್ಸಲ್ಲ ಸಾರ್, ನೀರು. ಗೋಡೆ ಹಿಂದೆ ನಿಂತು ತಳ್ತಾ ಇದೆ. ಹೊರಗೆ ಬರೋ ತೂತೆಲ್ಲ ಮುಚ್ಚಿಹೋಗಿವೆ."

"ಮುಚ್ಚಿದ್ದು ಯಾರು?"

ಅವಳು ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡಳು. ನಾಳೆ ಹೇಳ್ತೀನಿ ಎಂದು ಮನೆಗೆ ಬಂದಳು.

ಅಪ್ಪ ಉಣ್ಣುತ್ತಿದ್ದ. ಸುತ್ತುಬಳಸದೆ ಹೇಳಿದಳು. ಅವನು ತಟ್ಟೆ ದೂಡಿದ.

"ನನ್ನ ಕೆಲಸದಲ್ಲಿ ಹುಳುಕು ಹುಡುಕೋಕೆ ಬಂದ್ಯಾ? ನಿಂಗೆ ಸುತ್ತಿಗೆ ಹಿಡಿಯೋಕೆ ಕಲಿಸಿದ್ದು ಯಾರೇ?"

"ನೀನೇ ಅಪ್ಪ. ಕಲ್ಲು ಹೇಳಿದ್ದನ್ನ ಮುಚ್ಚಿಡಬಾರ್ದು ಅಂತ ಕಲಿಸಿದ್ದೂ ನೀನೇ."

ಅವನು ಗೋಡೆಯ ಕಡೆ ತಿರುಗಿ ಕೂತ. ಅಪ್ಪನ ಮಾನ ಬೀದಿಗೆ ತರುವುದು ಅವಳಿಗೆ ಬೇಕಿರಲಿಲ್ಲ. ಆದರೆ ನಾಲ್ಕು ತಲೆಮಾರು ಕಾಯ್ದ ಕಮಾನು ಒಂದು ಫೋಟೋಗೋಸ್ಕರ ಮಣ್ಣುಪಾಲಾಗುವುದನ್ನು ಅವಳು ನೋಡಲಾರಳು.

ಬೆಳಿಗ್ಗೆ ನೇರವಾಗಿ ಕಚೇರಿಗೆ ಹೋದಳು. "ಮುಚ್ಚಿದ್ದು ನಮ್ಮಪ್ಪ, ಸಾರ್. ತೆಗೆಯೋದು ನಾನು."

ಇಂಜಿನಿಯರು ಅವಳ ಮುಖವನ್ನೇ ನೋಡಿದರು. "ಹದಿನೈದು ದಿನ. ಅಷ್ಟರಲ್ಲಿ ಕಲ್ಲು ಟಣ್ ಅನ್ಲಿಲ್ಲ ಅಂದ್ರೆ ಕೆಡವ್ತೀನಿ."

ಗೋಡೆ ಇನ್ನಷ್ಟು ಬಾಗದಂತೆ ಮರದ ತೊಲೆಗಳ ಆನಿಕೆ ಕೊಡಿಸಿ, ಉಳಿ ಹಿಡಿದು ಕೂತಳು. ಮೊದಲ ತೂತು ತೆರೆಯುತ್ತಿದ್ದಂತೆ ಕೆಸರುನೀರು ಎದೆಗೇ ರಾಚಿತು. ತೊಯ್ದು ತೊಪ್ಪೆಯಾದರೂ ಬಿಡಲಿಲ್ಲ. ಪ್ರತಿ ತೂತಿಗೂ ಅಪ್ಪನ ಹೆಬ್ಬೆಟ್ಟಿನ ಗುರುತೊಂದು ಪುಡಿಯಾಗುತ್ತಿತ್ತು. ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೊಂದು ಮುಗಿದವು.

ಕೊನೆಯದಕ್ಕೆ ಉಳಿ ಇಡುವಾಗ ಹಿಂದೆ ಚಪ್ಪಲಿಯ ಸದ್ದಾಯಿತು. ಅಪ್ಪ ಗೋಡೆ ಹಿಡಿದುಕೊಂಡು ಬಂದಿದ್ದ. ಮೇಲಿನ ಕಲ್ಲೊಂದನ್ನು ಬೆರಳ ಗೆಣ್ಣಿನಿಂದ ತಟ್ಟಿ, ತುಂಬ ಹೊತ್ತು ಕಿವಿಯಿಟ್ಟು ನಿಂತ.

"ಉಳಿ ಕೊಡಿಲ್ಲಿ."

ಮೂರೇ ಏಟು. ನೀರು ಅವನ ಪಾದದ ಮೇಲೆ ಹರಿಯಿತು. ಅವನು ಕಾಲು ಹಿಂದೆ ತೆಗೆಯಲಿಲ್ಲ.

ಬಿರುಕಿಗೆ ಗಾರೆ ತುಂಬಿ, ಸಡಿಲಾದ ಕಲ್ಲುಗಳನ್ನು ಮತ್ತೆ ಕೂರಿಸಿದಳು. ಹದಿನೈದನೆಯ ದಿನ ಇಂಜಿನಿಯರೇ ಸುತ್ತಿಗೆ ಇಸಿದುಕೊಂಡು ತಟ್ಟಿ ನೋಡಿದರು. ಕೆಡವುವ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡರು.

ಮನೆ ಬಾಗಿಲಲ್ಲೇ ಅಪ್ಪ ಕಾಯುತ್ತಿದ್ದ. "ಏನಂತು?"

"ಟಣ್ ಅಂತಪ್ಪ."

"ತೂತು ತೊಟ್ಟಿಕ್ತಾ ಇದ್ಯಾ?"

"ಇದೆ. ನೆಲವೆಲ್ಲ ಒದ್ದೆ."

"ತೊಟ್ಟಿಕ್ಲಿ ಬಿಡು," ಎಂದ ಅಪ್ಪ.