ಕೇಕಿಗೆ ಹೋದ ಶಾಲೆ

ತೆಲುಗು ನಾಡಿನ ಕೊಂಡಾಪುರದಲ್ಲಿ ನಾನು ವಾಚ್‌ಮನ್ ಆಗಿದ್ದ ಅಪಾರ್ಟ್‌ಮೆಂಟಿನ ಗೋಡೆಗೆ ಹೊಂದಿಕೊಂಡೇ ಒಂದು ಸರಕಾರಿ ಶಾಲೆಯಿತ್ತು. ರಾಯಚೂರು, ಪಾಲಮೂರು, ಒಡಿಶಾ ಎಂದು ಎಲ್ಲೆಲ್ಲಿಂದಲೋ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಅಲ್ಲಿ ಒಂದೇ ಚಾಪೆಯ ಮೇಲೆ ಕೂತು, ಒಂದೇ ದನಿಯಲ್ಲಿ ತೆಲುಗು ಮಗ್ಗಿ ಹೇಳುತ್ತಿದ್ದರು. ಮೂರನೆಯ ತರಗತಿಗೇ ಶಾಲೆ ಬಿಟ್ಟ ನನ್ನ ತಂಗಿಯೂ ಅವರಲ್ಲೊಬ್ಬಳು. ಬಿಟ್ಟವನು ನಾನು, ಅವಳಲ್ಲ.

ಮೇಲಿನ ಮನೆಗಳವರು ರಾತ್ರಿಯಿಡೀ ಅಮೆರಿಕದ ಕೆಲಸ ಮಾಡಿ ಬೆಳಿಗ್ಗೆ ಮಲಗುವವರು. ಸಾಗರದಾಚೆಯ ಲೆಕ್ಕವನ್ನೆಲ್ಲ ಸರಿಮಾಡುವ ಆ ತಲೆಗಳಿಗೆ ಗೋಡೆಯಾಚೆಯ ಎರಡರ ಮಗ್ಗಿ ತಡೆಯಲಾಗಲಿಲ್ಲ. ಮಕ್ಕಳೇ ಬರದ ಶಾಲೆಯೆಂದು ಶಿಕ್ಷಣ ಇಲಾಖೆಗೆ ದೂರು ಕೊಟ್ಟರು. ನೋಡಲು ಅಧಿಕಾರಿ ಬರುವ ದಿನವೇ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರಿಗೆ ಬಡಮಕ್ಕಳ ಮೇಲೆ ಪ್ರೀತಿ ಉಕ್ಕಿತು. ಎಲ್ಲರಿಗೂ ಕೇಕ್, ಬಿರಿಯಾನಿ, ತಮ್ಮ ಮಕ್ಕಳು ಆಡಿ ಮುರಿದ ಆಟಿಕೆ. ಈ ಅಧ್ಯಕ್ಷರು ತಾವು ಸರಕಾರಿ ಶಾಲೆಯಲ್ಲೇ ಓದಿ ಮೇಲೆ ಬಂದವರೆಂದು ಧ್ವಜ ಏರಿಸಿದಾಗಲೆಲ್ಲ ಭಾಷಣ ಬಿಗಿಯುತ್ತಿದ್ದರು.

ಮಕ್ಕಳನ್ನು ಅಪಾರ್ಟ್‌ಮೆಂಟಿನೊಳಗೆ ಕರೆತರುವ ಕೆಲಸ ನನ್ನದು. ಅಧಿಕಾರಿಗೆ ಶಾಲೆ ಖಾಲಿ ಕಾಣಲೆಂದೇ ಇದು ಎಂಬುದೂ ಗೊತ್ತಿತ್ತು. ಆದರೆ ನನ್ನ ತಂಗಿಯನ್ನು ತಮ್ಮ ಮಕ್ಕಳ ಇಂಗ್ಲಿಷ್ ಶಾಲೆಗೆ ಸೇರಿಸುತ್ತೇನೆ ಎಂದು ಅಧ್ಯಕ್ಷರು ಹೇಳಿದ್ದರು. ಉಳಿದ ಮಕ್ಕಳ ಗತಿ ಏನಾದರೇನು ಎಂದುಕೊಂಡೆ. ಅಧ್ಯಕ್ಷರಿಗಿಂತ ನಾನೇನೂ ಮೇಲಲ್ಲ.

ಇದ್ದೊಬ್ಬ ಟೀಚರ್, ಹಸಿದ ಮಕ್ಕಳಿಗೆ ಬಿರಿಯಾನಿ ಬೇಡವೆನ್ನಲಾರದೆ ಕಳಿಸಿಕೊಟ್ಟರು. ಮಕ್ಕಳೆಲ್ಲ ಓಡಿದರು. ತಂಗಿ ಏಳಲಿಲ್ಲ.

“ಏಳವ್ವ, ಕೇಕ್ ಐತಿ.”

“ನೀ ಹೋಗಿ ತಿನ್ನಣ್ಣ. ಇವತ್ತ ಹದಿಮೂರರ ಮಗ್ಗಿ ಒಪ್ಪಸೂದೈತಿ.”

ಅಧಿಕಾರಿ ಬಂದ. ಚಾಪೆಯ ಮೇಲೆ ಒಬ್ಬಳೇ ಕೂತಿದ್ದ ಅವಳಿಂದ ಮಗ್ಗಿ ಕೇಳಿ ಶಹಬ್ಬಾಸ್ ಅಂದ. ಹೋಗಿ ಶಾಲೆ ಮುಚ್ಚಿಸಿದ.

ಮಕ್ಕಳನ್ನು ಹೆದ್ದಾರಿಯಾಚೆಯ ಶಾಲೆಗೆ ಹಾಕಿದರು. ಆ ರಸ್ತೆ ದಾಟಿಸುವವರಿಲ್ಲದೆ ಅವರು ಅಪ್ಪ ಅಮ್ಮನ ಹಿಂದೆ ಮರಳು ಹೊರಲು ಹೋದರು. ಶಾಲೆಯ ಅಂಗಳದಲ್ಲಿ ಅಪಾರ್ಟ್‌ಮೆಂಟಿನ ಅತಿಥಿಗಳ ಕಾರುಗಳು ನಿಂತವು. ಇಂಗ್ಲಿಷ್ ಶಾಲೆಯ ಮಾತು ನೆನಪಿಸಿದಾಗ ಅಧ್ಯಕ್ಷರು, ಹುಡುಗಿ ಚುರುಕಾಗಿದ್ದಾಳೆ, ನಮ್ಮ ಮನೆಗೆಲಸಕ್ಕೆ ಕಳಿಸು ಎಂದರು.

ಕಳಿಸಿದೆ. ಸಾಹೇಬರು ಮಲಗಿರುತ್ತಾರೆಂದು ಅವಳು ಪಾತ್ರೆಗಳನ್ನು ಸದ್ದಾಗದಂತೆ ತೊಳೆಯುವುದು ಕಲಿತಳು. ಒಂದು ಸಂಜೆ ಗೇಟಿನ ಬಳಿ ಬಂದು ನಿಂತು ಕೇಳಿದಳು:

“ಅವತ್ತಿನ ಕೇಕ್ ಹ್ಯಾಂಗಿತ್ತಣ್ಣ?”

ಚಲೋ ಇತ್ತು ಎಂದೆ. ಸುಳ್ಳಲ್ಲ. ಅವಳ ಪಾಲಿನದನ್ನೂ ನಾನೇ ತಿಂದಿದ್ದೆ.